ಫೋನ್ ಯಾಕೆ ಬಿಸಿಯಾಗಿದೆ ಅಂದ್ರೆ

ಬಿಸಿ ಇದೆ, ನಾನೇನು ಇಲ್ಲ ಅಂದ್ನಾ? ಬಾಳೆಲೇಲಿ ಕಟ್ಟಿದ ಜೋಳದ ಹಿಟ್ಟಿನ ಕೆಂಕೆ ಬೇಯೋ ಹಂಡೆ ಪಕ್ಕ ಇಟ್ರೆ ಕಲ್ಲೂ ಬಿಸಿಯಾಗತ್ತೆ, ಇನ್ನು ಫೋನ್ ಯಾವ ಲೆಕ್ಕ. ಹಂಡೆ ಇಲ್ಲಿತ್ತು, ಬುಟ್ಟಿ ಅಲ್ಲಿತ್ತು, ಬಿಸಿಲು ಮೇಲಿತ್ತು... ಅಲ್ಲ ಕಣೇ ಆರಬಾ, ತವರಿಗೆ ಬಂದ ಮಗಳು ಅಮ್ಮನ ಮುಖ ನೋಡದೆ, ಮಗನ್ನ ಎತ್ಕೊಳ್ಳದೆ, ನೇರ ಹೋಗಿ ಬಾಳೆಲೆ ಬುಟ್ಟಿಗೆ ಕೈ ಹಾಕೋದಾ? ಬುಟ್ಟಿಯೊಳಗೆ ಫೋನ್ ಇದೆ ಅಂತ ನಿಂಗೆ ಯಾರು ಹೇಳಿದ್ದು? ಬೇಡ, ಹೇಳ್ಬೇಡ. ಗೋಡೆ ಆಚೆ ಮನೆ ಎಕುವಾ. ಅವಳ ಕಿವಿ ನಮ್ಮ ಗೋಡೆಗೇ ಅಂಟ್ಕೊಂಡು ಬೆಳೆದಿದೆ.

ತಗೋ, ನೀರು ಕುಡಿ. ಪೂರ್ತಿ ಕುಡಿ. ಹಾಂ, ಈಗ ಪದ್ಧತಿ ಪ್ರಕಾರ ಕೇಳ್ತೀನಿ: ಇಲ್ಲಿ ಎಲ್ಲ ಕ್ಷೇಮ, ನೀನು ಬಂದ ವಿಷಯ ಏನು?

ಹೇಳಲ್ವಾ? ಸರಿ. ಶನಿವಾರ ಬರೋಳು ಮಂಗಳವಾರ ಬಂದಿದ್ದೀಯ. ಮಂಗಳವಾರ ದೋಣಿಗಳೂ ಸಮುದ್ರಕ್ಕೆ ಇಳಿಯಲ್ಲ, ನಮ್ಮ ಅನೊಮಾಬು ಊರಿನ ಗಂಡಸರೆಲ್ಲ ತೆಂಗಿನ ಮರದಡಿ ಬಿದ್ಕೊಂಡಿದ್ದಾರೆ, ನೀನೊಬ್ಬಳು ಮಾತ್ರ ಅಕ್ರಾದಿಂದ ಟ್ರೋಟ್ರೋ ವ್ಯಾನ್ ಹತ್ತಿ ಬಲೆ ಬೀಸೋಕೆ ಬಂದೆ. ಬಲೆಗೆ ಬಿದ್ದಿದ್ದು ನಿಮ್ಮಮ್ಮ. ಯೋಫೀ, ಬಾರೋ ಮರಿ, ನಿಮ್ಮಮ್ಮ ಬಂದಿದ್ದಾಳೆ, ಆ ಕೋಳಿ ಬಿಟ್ಟು ಬಾ... ಬರಲ್ವಂತೆ. ಕೋಳಿ ಜೊತೆ ಏನೋ ಮಾತುಕತೆ ನಡೀತಿದೆ, ಮುಗಿಸಿ ಬರ್ತಾನೆ.

ಅದೇನು ಮಾಡ್ತಿದ್ದೀಯ? ಆ ಚೀಲ ಯಾಕೆ ತೆಗೆದೆ? ಅಂಗಿ ಅಲ್ಲೇ ಇರ್ಲಿ ಆರಬಾ. ಒಗೆದಿಲ್ಲ ಅದು... ಒಗೆದಿದ್ದೀನಿ, ಆದ್ರೂ ಇರ್ಲಿ. ಮೂರೂವರೆ ಗಾಡಿಗೆ ಅವನನ್ನ ಕರ್ಕೊಂಡು ಹೋಗ್ತೀಯಾ? ಒಂದು ಬಿಸಿ ಫೋನಿಗೋಸ್ಕರ? ಕೂತ್ಕೋ. ಕೂತ್ಕೋ ಅಂದೆ. ಅಂಗಿ ತೊಡೆ ಮೇಲೆ ಇಟ್ಕೊಂಡೇ ಕೂತ್ಕೋ ಬೇಕಾದ್ರೆ, ಆದ್ರೆ ನನ್ನ ಮಾತು ಕೇಳಿ ಆಮೇಲೆ ಮಡಚು.

ಮೂರು ತಿಂಗಳ ಹಿಂದೆ ನೀನು ಅವನನ್ನ ಇಲ್ಲಿ ಬಿಟ್ಟು ಹೋದಾಗ ಹೇಗಿದ್ದ, ನೆನಪಿದೆಯಾ? ಮೂರು ವರ್ಷದ ಹುಡುಗ, ಬಾಯಲ್ಲಿ ಹದಿನಾಲ್ಕು ಮಾತು. ನೀನೇ ಎಣಿಸ್ಕೊಂಡು ಬಂದಿದ್ದೆ. ಅದರಲ್ಲೂ ಒಂಬತ್ತು ಯಾವುದೋ ದೇಶದ ಕಾರ್ಟೂನ್ ಬೊಂಬೆಗಳ ಭಾಷೆ. ‘ಆರು ತಿಂಗಳ ಕೂಸಾಗಿದ್ದಾಗಿಂದ ಹೊಲಿಗೆ ಯಂತ್ರಕ್ಕೆ ಫೋನ್ ಒರಗಿಸಿಟ್ಟು ಕೂರಿಸ್ತಿದ್ದೆ, ತಪ್ಪಾಯ್ತಮ್ಮ’ ಅಂತ ನೀನು ಅತ್ತೆ. ನಾನು ಬೈದ್ನಾ? ಬೈಲಿಲ್ಲ. ಗಿರಾಕಿಗಳ ಬಟ್ಟೆ ಹೊಲೀಬೇಕು, ಕೂಸು ಸೂಜಿಗೆ ಕೈ ಹಾಕಬಾರದು, ಒಬ್ಬಳೇ ಹೆಣ್ಣು ಏನು ಮಾಡ್ತಾಳೆ. ಕ್ಲಿನಿಕ್ಕಿನ ನರ್ಸಮ್ಮ ಏನು ಹೇಳಿದ್ಲು? ಫೋನ್ ಕಡಿಮೆ ಮಾಡಿ, ಮಗು ಜೊತೆ ಮಾತಾಡೋರು ಬೇಕು ಅಂದ್ಲು. ಆಗ ನಿಂಗೆ ಅಮ್ಮನ ನೆನಪಾಯ್ತು. ‘ಈ ಕರಾವಳೀಲಿ ಬಾಯಿ ಮುಚ್ಚದೇ ಇರೋರು ಯಾರಾದ್ರೂ ಇದ್ರೆ ನೀನೊಬ್ಬಳೇ ಅಮ್ಮ’ ಅಂದೆ. ಹೊಗಳಿದ್ಯೋ ಬೈದ್ಯೋ, ನಾನು ಹೊಗಳಿಕೆ ಅಂತಲೇ ತಗೊಂಡೆ.

ಮೊದಲ ದಿನ ಅವನನ್ನ ತೊಡೆ ಮೇಲೆ ಕೂರಿಸ್ಕೊಂಡು ಮಾತಾಡ್ತಿದ್ದೀನಿ, ಏನು ಮಾಡಿದ ಗೊತ್ತಾ? ನನ್ನ ಗಲ್ಲದ ಮೇಲೆ ಬೆರಳಿಟ್ಟ. ಮುದ್ದು ಮಾಡ್ತಾನೆ ಅಂದ್ಕೊಂಡೆ. ಬೆರಳಿಟ್ಟು ಪಕ್ಕಕ್ಕೆ ತಳ್ಳಿದ. ಮತ್ತೆ ತಳ್ಳಿದ. ಈ ಮುದುಕಿ ಸಾಕು, ಮುಂದಿನದು ಬರಲಿ ಅಂತ. ಅರವತ್ತೊಂಬತ್ತು ವರ್ಷದಲ್ಲಿ ನನ್ನನ್ನ ಹೀಗೆ ಯಾರೂ ದಾಟಿಸಿರಲಿಲ್ಲ ಕಣೇ, ನಿಮ್ಮಪ್ಪನೂ ಸೇರಿ.

ನಗ್ತಿದ್ದೀಯ. ನಗು ಬಂತಲ್ಲ, ಸಾಕು. ಆ ಅಂಗಿ ಕೆಳಗಿಡು.

ಈಗ ಕೇಳು ಅವನ ಮಾತು. ಅಲ್ಲಿ, ಕೋಳಿಗೆ ಏನು ಹೇಳ್ತಿದ್ದಾನೆ ಕೇಳಿಸ್ತಾ? ‘ನಿನ್ನ ಗಂಡ ಎಲ್ಲಿ, ಬೇರೆ ಮನೇಲಿ ಮೇಯ್ತಿದ್ದಾನಾ?’ ಮೂರು ವರ್ಷಕ್ಕೆ. ಶುದ್ಧ ನಮ್ಮ ಫಾಂಟೆ ಭಾಷೆ, ಸಂತೆ ಹೆಂಗಸಿನ ಫಾಂಟೆ. ನಾನು ಹೇಳ್ಕೊಟ್ಟಿದ್ದಲ್ಲ, ಅದು ಎಕುವಾಳದ್ದೇ ಮಾತು. ಕೆಂಕೆ ತಗೊಳ್ಳೋಕೆ ಬರೋರಿಗೆಲ್ಲ ಊರು, ಹೆಸರು, ಏನಕ್ಕೆ ಬಂದ್ರಿ, ಎಲ್ಲ ಕೇಳ್ತಾನೆ. ಪಾದ್ರಿಗಳಿಗೆ ‘ನಿಮ್ಮ ಹೊಟ್ಟೇಲಿ ಪಾಪು ಇದೆಯಾ’ ಅಂತ ಕೇಳಿದ. ಇಷ್ಟು ಮಾತು ಸುಮ್ನೆ ಬಂತಾ?

ಏನು? ಗೋಡೆ ಯಾಕೆ ತೋರಿಸ್ತೀಯ? ಓ, ನೀನು ಅಂಟಿಸಿ ಹೋದ ನಿಯಮದ ಹಾಳೆ. ಹರಿದಿಲ್ಲ, ನೋಡು, ಹಂಡೆ ಹಬೆಗೆ ಅಂಟು ಬಿಟ್ಟಿದೆ ಅಷ್ಟೇ. ಓದ್ತೀನಿ ಬೇಕಾದ್ರೆ. ‘ದಿನಕ್ಕೆ ಅರ್ಧ ಗಂಟೆ, ಹೆಚ್ಚಿಲ್ಲ.’ ಅದನ್ನ ಕೊನೆಗೆ ನೋಡೋಣ. ‘ಊಟ ಮಾಡುವಾಗ ಇಲ್ಲ.’ ಇಲ್ಲ, ಊಟದ ಹೊತ್ತಲ್ಲಿ ನಾನು ಬಾಯಿ ಬಿಡ್ತೀನಿ, ಅವನೂ ಬಿಡ್ತಾನೆ, ಮೀನು ಒಳಗೆ ಹೋಗತ್ತೆ. ‘ಮಲಗುವ ಮುಂಚೆ ಇಲ್ಲ.’ ಇಲ್ಲ. ‘ಒಬ್ಬನೇ ಕೂತು ನೋಡಬಾರದು, ದೊಡ್ಡವರು ಜೊತೆಗೆ ಕೂತು ನೋಡಬೇಕು, ನೋಡಿದ್ದರ ಬಗ್ಗೆ ಮಗುವಿನ ಜೊತೆ ಮಾತಾಡಬೇಕು.’ ನೀನೇ ಬರೆದಿದ್ದು, ನಿನ್ನದೇ ಅಕ್ಷರ. ಕೂತು ನೋಡಿದ್ದೀನಿ, ಕಣ್ಣು ಮಿಟುಕಿಸದೆ ನೋಡಿದ್ದೀನಿ. ಅಷ್ಟು ನಿಷ್ಠೆಯಿಂದ ಚರ್ಚಿನಲ್ಲೂ ಕೂತಿಲ್ಲ. ‘ಅಳು ನಿಲ್ಲಿಸೋಕೆ ಕೊಡಬಾರದು.’ ಯಾರ ಅಳು ಅಂತ ನೀನು ಬರೆದಿಲ್ಲ.

ಏನೂ ಇಲ್ಲ, ಬಾಯಿಗೆ ಬಂತು, ಅಂದೆ. ಹಾಗೆ ನೋಡ್ಬೇಡ.

ಸರಿ ಕಣೇ, ಒಪ್ಕೊಂಡೆ. ಅರ್ಧ ಗಂಟೆಗಿಂತ ಜಾಸ್ತಿ. ಎಷ್ಟು ಜಾಸ್ತಿ ಅಂದ್ರೆ... ಅದು ಎರಡು ಸಲ ಚಾರ್ಜ್ ಮುಗಿಯೋ ಅಷ್ಟು. ಆದ್ರೆ ಬೊಂಬೆ ಅಲ್ಲ, ದೇವರಾಣೆ ಬೊಂಬೆ ಅಲ್ಲ. ಆ ಬಣ್ಣಬಣ್ಣದ ಹಂದಿಗಳೂ ಇಲ್ಲ, ಹಾಡೋ ಬಸ್ಸುಗಳೂ ಇಲ್ಲ. ಒಬ್ಬ ಹೆಂಗಸು ಇದ್ದಾಳೆ. ಮರದ ಕೆಳಗೆ ಕೂತು ಕಥೆ ಹೇಳ್ತಾಳೆ. ಅಷ್ಟೇ. ಸ್ವಲ್ಪ ದಪ್ಪಗಿದ್ದಾಳೆ, ಬಾಯಿ ದೊಡ್ಡದು, ಕೈ ಆಡಿಸ್ತಾ ಪಕ್ಕದವರ ಮೂಗಿಗೆ ಹೊಡೀತಾಳೆ. ಕಪ್ಪು ಬಿಳುಪಿನ ಬಟ್ಟೆ ಉಟ್ಟಿದ್ದಾಳೆ...

ಹ್ಞೂಂ. ನಾನೇ.

ಮರೆತೇಹೋಯ್ತಾ ನಿಂಗೆ? ನಿಮ್ಮಪ್ಪನ ವರ್ಷದ ದಿನ, ಬಾದಾಮಿ ಮರದ ಕೆಳಗೆ ನಲವತ್ತು ಜನ ಕೂತಿದ್ರು. ಅಳೋದು ಮುಗಿದ ಮೇಲೆ ಯಾರೋ ‘ಕಥೆ ಹೇಳು’ ಅಂದ್ರು. ಏಳು ಕಥೆ ಹೇಳಿದೆ ಒಂದೇ ಉಸಿರಿಗೆ, ನೀನು ಇದೇ ಫೋನ್ ಎತ್ತಿ ಹಿಡ್ಕೊಂಡಿದ್ದೆ. ಆಮೇಲೆ ಹೊಸದು ತಗೊಂಡು ಈ ಗಾಜು ಒಡೆದದ್ದನ್ನ ನನ್ನ ಕೈಗೆ ತುರುಕಿದೆ. ಒಳಗೆ ನಾನಿರೋದು ನಿಂಗೆ ನೆನಪಿರಲಿಲ್ಲ. ನಂಗೂ ಗೊತ್ತಿರಲಿಲ್ಲ. ಯೋಫಿ ಹುಡುಕಿದ. ಇಲ್ಲಿಗೆ ಬಂದ ನಾಲ್ಕನೇ ದಿನ, ನಾನು ಬಾಳೆಲೆ ನೆನೆ ಹಾಕ್ತಿದ್ದೆ, ಹಿಂದಿನಿಂದ ನನ್ನದೇ ದನಿ ಕೇಳಿಸ್ತು. ತಿರುಗಿ ನೋಡ್ತೀನಿ, ಅವನು ಫೋನ್ ನೋಡ್ತಾನೆ, ನನ್ನ ನೋಡ್ತಾನೆ, ಫೋನ್ ನೋಡ್ತಾನೆ. ಆಮೇಲೆ ನನ್ನ ಗಲ್ಲ ಮುಟ್ಟಿದ. ಈ ಸಲ ತಳ್ಳಲಿಲ್ಲ.

ಅದಕ್ಕೇ ಕಣೇ ಬಿಸಿ. ಇಷ್ಟೇ ವಿಷಯ. ನಿನ್ನ ಮಗ ಅವನ ಅಜ್ಜಿಯನ್ನ ನೋಡ್ತಾನೆ, ಅಜ್ಜೀನ ನೋಡೋಕೂ ಗಡಿಯಾರ ಬೇಕಾ?

ಹಾಗಾದ್ರೆ ಕಥೆ ನೀನೇ ಹೇಳಬಹುದಲ್ಲ, ಫೋನ್ ಯಾಕೆ ಅಂತ ಕೇಳ್ತೀಯ. ಕೇಳಿಲ್ಲ, ಆದ್ರೆ ನಿನ್ನ ಹುಬ್ಬು ಕೇಳ್ತಿದೆ. ಹೇಳಬಹುದು. ಯಾಕೆ ಹೇಳಬಾರದು? ಗಂಟಲು ಸರಿ ಇಲ್ಲ ನಂದು. ಹೊಗೆ. ಬೆಳಗಿಂದ ಚೆನ್ನಾಗೇ ಮಾತಾಡ್ತಿದ್ದೀನಿ, ನಿಜ, ಆದ್ರೆ ಕಥೆ ಗಂಟಲು ಬೇರೆ, ಮಾತಿನ ಗಂಟಲು ಬೇರೆ. ಮತ್ತೆ ಕೆಲಸ. ಇನ್ನೂರು ಕೆಂಕೆ ಕಟ್ಟಬೇಕು, ಕೈ ಹಿಟ್ಟಲ್ಲಿದ್ರೆ ಕಥೆ ಹೇಗೆ ಹೇಳೋದು, ನಂಗೆ ಕೈ ಬೇಕು ಕಥೆಗೆ. ಮತ್ತೆ ಹಗಲು ಹೊತ್ತು ಕಥೆ ಹೇಳಬಾರದು ಅಂತ ನಮ್ಮಮ್ಮ ಹೇಳ್ತಿದ್ಲು. ಫೋನಿಗೆ ಆ ಕಟ್ಟುಪಾಡಿಲ್ಲ.

ಈ ಎಕುವಾ ಮಾಡಿದ್ದು ಹೇಳ್ತೀನಿ ಕೇಳು, ಹೊಟ್ಟೆ ಹಿಡ್ಕೊಂಡು ನಗ್ತೀಯ. ಹೋದ ವಾರ ಇದ್ದಿಲು ತರೋಕೆ ಮೂಲೆ ಅಂಗಡಿಗೆ ಹೋಗಿದ್ದೆ... ಯೋಫಿ ಇಲ್ಲೇ ಇದ್ದ, ಬಾಗಿಲಲ್ಲೇ, ಎರಡೇ ನಿಮಿಷ, ಹಾಗೆ ಮುಖ ಊದಿಸ್ಬೇಡ. ಫೋನ್ ಓಡ್ತಿತ್ತು. ಒಳಗಿನ ಹೆಂಗಸು ಕಥೆ ಶುರು ಮಾಡೋ ಮಾತು, ‘ಕಥೆ ಇರೋದು ನಂಬೋಕಲ್ಲ’ ಅಂತ ಕೂಗಿದಾಳೆ. ಗೋಡೆ ಆಚೆ ಎಕುವಾ ಬಟ್ಟೆ ಒಗೀತಿದ್ದೋಳು, ಮರ್ಯಾದೆ ಬಿಡ್ತಾಳಾ, ‘ಇಟ್ಕೊಳ್ಳೋಕೆ’ ಅಂತ ಮಾರುತ್ತರ ಕೊಟ್ಟಿದಾಳೆ. ಮುಂದೆ ಹಾಡೂ ಎತ್ತಿದಾಳೆ. ಹಾಡ್ತಾ ಹಾಡ್ತಾ ನೀರು ಚೆಲ್ಲೋಕೆ ಬೀದಿಗೆ ಬಂದ್ರೆ, ಎದುರಿಗೆ ನಾನು, ಇದ್ದಿಲು ಚೀಲ ತಲೆ ಮೇಲೆ ಹೊತ್ಕೊಂಡು ಬರ್ತಿದ್ದೀನಿ. ಗೋಡೆ ಹಿಂದೆ ನನ್ನ ದನಿ ಇನ್ನೂ ಕಥೆ ಹೇಳ್ತಿದೆ. ಬಕೆಟ್ ಅಲ್ಲೇ ಬಿಟ್ಟು ಓಡಿದ್ಲು ನೋಡು. ಎರಡು ದಿನ ಪಾದ್ರಿ ಮನೇಲಿ ಪ್ರಾರ್ಥನೆ ಮಾಡಿಸಿ ಎಣ್ಣೆ ಹಚ್ಚಿಸ್ಕೊಂಡಳು. ನಾನು ಸತ್ತು ದೆವ್ವ ಆಗಿದ್ದೀನಿ ಅಂತ ಊರೆಲ್ಲ ಸುದ್ದಿ.

ಯಾಕೆ ನಗಲಿಲ್ಲ? ನಗು ಬರೋ ವಿಷಯ ತಾನೇ ಇದು?

ಬಿಸಿಲಲ್ಲಿ ಬಂದು ಸುಸ್ತಾಗಿದೆ ನಿಂಗೆ. ಇರು, ನೀರು ಕೊಡ್ತೀನಿ. ಬಂದವರಿಗೆ ಮೊದಲು ನೀರು, ಆಮೇಲೆ ಬಂದ ವಿಷಯ... ಏನು? ಲೋಟ ನಿನ್ನ ಕೈಲೇ ಇದೆ. ಹೌದಲ್ಲ. ಇನ್ನೂ ಒಂದು ಲೋಟ ಕುಡೀಲಿ ಅಂತ ಹೇಳಿದ್ದು. ಅಕ್ರಾ ನೀರು ಕುಡಿದು ಒಣಗಿದ್ದೀಯ.

ಆ ಕೆಂಕೆ ತಿನ್ನಬೇಡ, ಅದು ತಣ್ಣಗಾಗಿದೆ. ಉಪ್ಪಾ? ಉಪ್ಪು ಸ್ವಲ್ಪ ಮುಂದಿದೆ. ಹೊಸ ಉಪ್ಪು, ಜೋರಿದೆ. ಎರಡು ಸಲ ಹಾಕಿದ್ನಾ ಅಂತ ಕೇಳೋಕೆ ನೀನೇನು ನಿನ್ನೆ ಬಂದ ಗಿರಾಕಿ ಥರ ಶುರು ಮಾಡಿದೆ? ನಲವತ್ತು ವರ್ಷದಿಂದ ಕಟ್ಟಿದ ಕೈ ಇದು.

ಮತ್ತೆ ಅಂಗಿ ತಗೊಂಡೆ. ಬಿಡಲ್ಲ ನೀನು.

ಸರಿ. ನಾನು ಕಥೆ ಹೇಳಲ್ಲ, ಫೋನಿಗೆ ಬಿಟ್ಟಿದ್ದೀನಿ ಅನ್ನೋದು ತಾನೇ ನಿನ್ನ ದೂರು? ಇಗೋ, ಈಗಲೇ ಹೇಳ್ತೀನಿ. ಹಗಲಾದ್ರೆ ಹಗಲು. ಫೋನ್ ನಿನ್ನ ಹತ್ರ ಇಟ್ಕೋ. ಯೋಫೀ, ಕೋಳಿ ಬಿಡು, ಅಜ್ಜಿ ಕಥೆ ಹೇಳ್ತಾಳೆ. ಹಾಂ, ಆ ಒರಳಿನ ಮೇಲೆ ಕೂತ್ಕೋ. ನಾನು ಪೂರ್ತಿ ಕಥೆ ಹೇಳಿದ್ರೆ ಹುಡುಗ ಇಲ್ಲೇ ಇರ್ತಾನೆ. ಒಪ್ಪಿಗೆಯಾ? ತಲೆ ಆಡಿಸಿದೆ, ನೋಡಿದೆ ನಾನು.

ಕಥೆ ಇರೋದು ನಂಬೋಕಲ್ಲ.

...ಉತ್ತರ ಕೊಡೇ. ಅಷ್ಟೂ ಮರೆತ್ಯಾ? ಯೋಫಿ, ನೀನು ಹೇಳು. ‘ಇಟ್ಕೊಳ್ಳೋಕೆ.’ ಭೇಷ್. ಮೂರು ವರ್ಷದವನಿಗಿರೋ ಮರ್ಯಾದೆ ನಿನಗಿಲ್ಲ.

ಒಂದಾನೊಂದು ಕಾಲದಲ್ಲಿ ಒಬ್ಬಳು ಏಡಿ ಇದ್ಲು. ಏಡಿ ಮನೇಲಿ ಉಪ್ಪಿರಲಿಲ್ಲ. ಮಕ್ಕಳು ಸಪ್ಪೆ ಸಾರು ಉಗುಳ್ತಿದ್ವು. ಏಡಿ ಅಡ್ಡಡ್ಡ ನಡ್ಕೊಂಡು ಸಮುದ್ರದ ಬಾಗಿಲಿಗೆ ಹೋದ್ಲು, ‘ಅಮ್ಮಾ, ಒಂದು ಹಿಡಿ ಉಪ್ಪು ಕೊಡು’ ಅಂದ್ಲು. ಸಮುದ್ರ ಜಿಪುಣಿ. ‘ಪುಕ್ಕಟೆ ಕೊಡಲ್ಲ, ನನ್ನ ಹತ್ರ ಇಲ್ಲದೇ ಇರೋದು ಏನಾದ್ರೂ ತಗೊಂಡು ಬಾ’ ಅಂತು. ಸಮುದ್ರದ ಹತ್ರ ಏನಿಲ್ಲ ಹೇಳು? ಮೀನಿದೆ, ದೋಣಿ ಇದೆ, ದೋಣಿ ಜೊತೆ ಮುಳುಗಿದವರ ಉಂಗುರ ಇದೆ. ಏಡಿ ಮುತ್ತು ತಂದ್ಲು, ಸಮುದ್ರ ನಕ್ಕಿತು. ಹಾಡು ತಂದ್ಲು, ಸಮುದ್ರ ಅದಕ್ಕಿಂತ ಜೋರಾಗಿ ಹಾಡಿತು. ಏಡಿ ಮನೆಗೆ ಬಂದು ಮೂರು ದಿನ ಯೋಚನೆ ಮಾಡಿದ್ಲು. ನಾಲ್ಕನೇ ದಿನ ಬೆನ್ನ ಮೇಲೆ ಒಂದು ಬುಟ್ಟಿ ಕಟ್ಕೊಂಡು, ಮೇಲೆ ಎಲೆ ಮುಚ್ಕೊಂಡು, ಮೆಲ್ಲಗೆ, ಬಹಳ ಮೆಲ್ಲಗೆ ನಡ್ಕೊಂಡು ಬಂದ್ಲು. ‘ಏನದು ಬುಟ್ಟೀಲಿ’ ಅಂತು ಸಮುದ್ರ. ಏಡಿ ಎಲೆ ಸರಿಸಿದ್ಲು. ಸಮುದ್ರ ಬಗ್ಗಿ ನೋಡಿತು. ಬುಟ್ಟಿಯೊಳಗೆ... ಬುಟ್ಟಿಯೊಳಗೆ ಏನಿತ್ತು ಅಂದ್ರೆ...

ಹಾಡು ಎತ್ತು ಆರಬಾ.

ಕಥೆ ಹೇಳೋಳು ನಿಂತಾಗ ಕೇಳೋರು ಹಾಡು ಎತ್ತಬೇಕು, ಅದು ಕ್ರಮ. ನಮ್ಮಮ್ಮನ ಕಾಲದಿಂದ ಇದೆ. ಹೇಳೋಳಿಗೆ ಉಸಿರು ತಗೊಳ್ಳೋಕೆ. ಎತ್ತು. ‘ಏಡಿ ಬಂದಳು ಅಡ್ಡಡ್ಡ’, ಅದೇ ಹಾಡು, ಚಿಕ್ಕೋಳಿದ್ದಾಗ ನನ್ನನ್ನ ಅರ್ಧ ಮಾತಲ್ಲೇ ತಡೆದು ತಡೆದು ಹಾಡ್ತಿದ್ದೆ. ಸಾಕು ಮುಂದೆ ಹೇಳ್ತೀನಿ ಅಂದ್ರೂ ಬಿಡ್ತಿರಲಿಲ್ಲ. ಈಗ ನಾನೇ ಕೇಳ್ತಿದ್ದೀನಿ, ಎತ್ತು.

ಅಂಗಿ ಯಾಕೆ ಕೈಯಿಂದ ಜಾರಿತು?

ಹಾಗೆ ನೋಡ್ಬೇಡ ಅಂದೆ ತಾನೇ. ಆರಬಾ... ಏನಾದ್ರೂ ಮಾತಾಡು. ಬೈಯಾದ್ರೂ ಬೈ.

ಯಾವಾಗ ಗೊತ್ತಾಯ್ತು ನಿಂಗೆ? ಎರಡನೇ ಸಲ ನೀರು ಕೊಟ್ಟಾಗ್ಲಾ? ಉಪ್ಪಿಗಾ? ಇಲ್ಲ, ಈಗ. ಈಗಲೇ. ಬುಟ್ಟಿ ಹತ್ರ.

ಬುಟ್ಟಿವರೆಗೆ ಬರ್ತೀನಿ ಮಗಳೇ. ಪ್ರತಿ ಸಲ ಅಲ್ಲೀವರೆಗೂ ಚೆನ್ನಾಗೇ ಬರ್ತೀನಿ. ಆಮೇಲೆ ಎಲೆ ಸರಿಸಿದ್ರೆ ಒಳಗೆ ಖಾಲಿ. ಬೇರೆ ಕಥೆಗಳದ್ದು ಇನ್ನೂ ಮುಂಚೆಯೇ ಹೋಗತ್ತೆ. ಈ ಹುಡುಗ ಬಂದ ಮೊದಲ ವಾರ ಗೊತ್ತಾಯ್ತು ನಂಗೆ. ಅವನು ಬಾಯಿ ತೆರ್ಕೊಂಡು ಕೂತಿದ್ದ, ಮುಂದೆ ಏನು ಅಂತ. ನಾನೂ ಬಾಯಿ ತೆರ್ಕೊಂಡು ಕೂತಿದ್ದೆ. ಒಳಗೆ ಹೋಗಿ ಹಿಟ್ಟಿನ ಮಡಕೆ ಹಿಂದೆ ಅತ್ತೆ. ಅಳು ನಿಲ್ಲಿಸೋಕೆ ಕೊಡಬಾರದು ಅಂತ ನೀನು ಬರೆದಿದ್ದೀಯ, ಅವನು ಓದಿಲ್ಲ, ಅವನಿಗೆ ಅಕ್ಷರ ಬರಲ್ಲ. ಅವನು ಫೋನ್ ತಂದು ನನ್ನ ತೊಡೆ ಮೇಲೆ ಇಟ್ಟ.

ಮೊದಮೊದಲು ಫೋನಿನೊಳಗಿನ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಬಂತು. ಏನು ನೆನಪು, ಏನು ಜಂಬ ಅವಳದ್ದು, ಒಂದು ಕಡೆ ನಿಲ್ಲಲ್ಲ. ಬೈದಿದ್ದೀನಿ ಅವಳಿಗೆ. ಈಗ ರಾಜಿ ಆಗಿದ್ದೀವಿ. ಅವಳು ಹೇಳ್ತಾಳೆ, ನಾನು ಇವನಿಗೆ ಮತ್ತೆ ಹೇಳ್ತೀನಿ. ಸಿಕ್ಕಿಹಾಕ್ಕೊಂಡಾಗ ಹಾಡು ಎತ್ತು ಅಂತೀನಿ, ಇವನು ಕಣ್ಣು ಮುಚ್ಕೊಂಡು ಹಾಡ್ತಾನೆ, ಅಷ್ಟರಲ್ಲಿ ನಾನು ಬಾಳೆಲೆ ಸರಿಸಿ ಇಣುಕಿ ನೋಡ್ತೀನಿ. ಬುಟ್ಟೀಲಿ ಅದಕ್ಕೇ ಇಟ್ಟಿರೋದು. ಏಳು ಕಥೇಲಿ ನಾಲ್ಕು ಇವನೊಳಗೆ ಹೋಗಿದೆ. ಇನ್ನು ಮೂರು ಇದೆ. ಮೂರೂವರೆ ಗಾಡಿಗೆ ಕರ್ಕೊಂಡು ಹೋದ್ರೆ ಆ ಮೂರು ಎಲ್ಲಿಡ್ಲಿ ಹೇಳು? ಫೋನ್ ಒಂದು ದಿನ ನೀರಿಗೆ ಬೀಳತ್ತೆ. ನಾನಂತೂ... ನನ್ನ ವಿಷಯ ಬಿಡು.

ಅಳಬೇಡ ಕಣೇ. ನೋಡು, ಮಗು ನೋಡ್ತಿದ್ದಾನೆ.

ಏನು ಯೋಫಿ? ಇರಪ್ಪ, ಅಜ್ಜಿ ಅಮ್ಮ ಮಾತಾಡ್ತಿದ್ದೀವಿ...

ಕೇಳಿಸ್ತಾ? ಅವನೇ ಎತ್ತಿದ ಹಾಡು. ‘ಏಡಿ ಬಂದಳು ಅಡ್ಡಡ್ಡ.’ ಶ್ರುತಿ ಇಲ್ಲ, ಇರ್ಲಿ. ಕ್ರಮ ಗೊತ್ತಲ್ಲ, ಅಷ್ಟು ಸಾಕು. ಹಾಡು ಮಗನೇ, ಹಾಡು. ...ಹಾಂ. ಈಗ ಹೇಳು, ಬುಟ್ಟೀಲಿ ಏನಿತ್ತು?

‘ನಿದ್ದೆ.’

ನಿದ್ದೆ ಅಂತೆ ಆರಬಾ. ಏಡಿ ತನ್ನ ಮಲಗಿದ್ದ ಮರೀನ ಬುಟ್ಟೀಲಿ ಹೊತ್ಕೊಂಡು ಬಂದಿದ್ಲು. ಸಮುದ್ರಕ್ಕೆ ನಿದ್ದೆ ಇಲ್ಲ ಅಲ್ವಾ, ಹುಟ್ಟಿದಾಗಿಂದ ಹೊರಳಾಡ್ತಾನೇ ಇದೆ. ನೋಡಿ ಸುಮ್ಮನಾಯ್ತಂತೆ, ಮರಿ ಎದ್ದುಬಿಡತ್ತೆ ಅಂತ ಒಂದು ಘಳಿಗೆ ಅಲೇನೇ ಎಬ್ಬಿಸಲಿಲ್ಲವಂತೆ. ಎಷ್ಟು ಚೆನ್ನಾಗಿದೆ. ಪ್ರತಿ ಸಲ ಹೊಸದಾಗೇ ಕೇಳ್ತೀನಿ ಕಣೇ, ನಂಗೊಂದು ಲಾಭ.

ಪೆನ್ಸಿಲ್ ಇದೆಯಾ ನಿನ್ನ ಚೀಲದಲ್ಲಿ? ತೆಗಿ. ಆ ಹಾಳೇಲಿ ಅವನಿಗೆ ದಿನಕ್ಕೆ ಅರ್ಧ ಗಂಟೆ ಅಂತ ಬರೆದಿದ್ದೀಯಲ್ಲ, ಇರ್ಲಿ, ಇವತ್ತಿಂದ ಗಡಿಯಾರ ನೋಡಿ ಕೊಡ್ತೀನಿ, ಅಷ್ಟು ಸಾಕು ಅವನಿಗೆ. ಅದರ ಕೆಳಗೆ ನನ್ನ ಹೆಸರು ಬರೆದು, ನನಗೆಷ್ಟು ಅಂತ ಬರಿ.